ಎಂಟನೆಯದು ಉತ್ತರಿಸುತ್ತಿಲ್ಲ

ಹಸಿರು, ಮತ್ತೆ ಹಸಿರು, ಕೇಬಲ್ಲುಗಳೆಲ್ಲ ಬಂದು ಕೂಡುವ ನೆಟ್‌ವರ್ಕ್ ಸ್ವಿಚ್ಚಿನ ಮೂತಿಯ ಮೇಲೆ ಎಂಟು ಪುಟ್ಟ ದೀಪಗಳು ಮಿಟುಕುತ್ತಿವೆ, ಎಂಟನೆಯದು ಉಳಿದವಕ್ಕಿಂತ ಕೊಂಚ ತಡವಾಗಿ ಮಿಟುಕಿತೇ, ಇಲ್ಲ, ನನ್ನ ಕಣ್ಣಿನ ದೋಷ, ಒಂದೂವರೆ ತಿಂಗಳಿನಿಂದ ಇದನ್ನೇ ನೋಡಿ ನೋಡಿ ರೆಪ್ಪೆ ಮುಚ್ಚಿದರೂ ಒಳಗೆ ಹಸಿರು ಚುಕ್ಕಿಗಳು ಓಡಾಡುತ್ತವೆ — ಮೂರಕ್ಕೆ ಹತ್ತು ನಿಮಿಷ ಇದೆ, ಇವತ್ತು ಲಿಂಕು ಬೀಳಬಾರದು, ಇವತ್ತು ಬೀಳುವುದಿಲ್ಲ, ಬೀಳಿಸುವವನು ಇವತ್ತಿನಿಂದ ಕೆಲಸಕ್ಕಿಲ್ಲ. ಪರದೆಯ ಮೇಲೆ ಸಾಲುಗಳು ಇಳಿಯುತ್ತಿವೆ, ಸೆಕೆಂಡಿಗೊಮ್ಮೆ ಮುಖ್ಯ ಯಂತ್ರ ಒಂದೊಂದನ್ನೂ ಇದ್ದೀಯಾ ಎಂದು ಕೇಳುತ್ತದೆ, ಇದ್ದೀನಿ ಎಂದು ಅದು ಅನ್ನಬೇಕು, ಅನ್ನದಿದ್ದರೆ ನಾನು ಬರೆದಿಟ್ಟ ಪ್ರೋಗ್ರಾಂ ಹೊತ್ತನ್ನೂ ನಂಬರನ್ನೂ ಗುರುತು ಹಾಕಿಕೊಳ್ಳುತ್ತದೆ. ಮಕ್ಕಳ ಲ್ಯಾಬಿನಿಂದ ತೆಗೆದುಹಾಕಿದ ಎಂಟು ಹಳೆಯ ಕಂಪ್ಯೂಟರುಗಳು, ಒಂದಕ್ಕೊಂದು ಕೇಬಲ್ ಎಳೆದು ಒಂದೇ ಯಂತ್ರದ ಹಾಗೆ ದುಡಿಸುವ ಕ್ಲಸ್ಟರ್, ಜಿಲ್ಲೆಯಲ್ಲಿ ಇನ್ನಾವ ಕಾಲೇಜಿನಲ್ಲೂ ಇಲ್ಲ ಎಂದು ಪ್ರಿನ್ಸಿಪಾಲರು ಬಂದವರಿಗೆಲ್ಲ ಹೇಳುವುದು ಇದನ್ನೇ. ತೆಂಗಿನ ನುಸಿ ಈ ಮೂರು ತಾಲ್ಲೂಕಿನ ತೋಟಗಳಲ್ಲಿ ಹೇಗೆ ಹರಡಿತು ಎಂಬ ಲೆಕ್ಕ, ನಕ್ಷೆಯನ್ನು ಎಂಟು ತುಂಡು ಮಾಡಿ ಎಂಟಕ್ಕೂ ಹಂಚಿದ್ದೇನೆ, ನಮ್ಮ ದಂಡಿನಶಿವರದ ಕಡೆಯದು ಮೂರನೆಯದಕ್ಕೆ, ಹುಳಿಯಾರಿನ ಕಡೆಯದು ಎಂಟನೆಯದಕ್ಕೆ, ಪ್ರತಿ ಹೆಜ್ಜೆಗೂ ಒಂದು ತುಂಡು ಪಕ್ಕದ ತುಂಡನ್ನು ಕೇಳಬೇಕು, ನಿನ್ನ ಗಡಿಯಲ್ಲಿ ನುಸಿ ಎಷ್ಟು ಬಂತು ಎಂದು, ಒಂದು ಮೂಕವಾದರೆ ಉಳಿದ ಏಳೂ ಬಾಯಿ ತೆರೆದುಕೊಂಡು ಕಾಯುತ್ತವೆ, ಬೆಳಿಗ್ಗೆಯಿಂದ ಮಾಡಿದ್ದೆಲ್ಲ ಮಣ್ಣು, ಮತ್ತೆ ಮೊದಲಿನಿಂದ. ಸೋಮವಾರ ಪ್ರಾಜೆಕ್ಟ್ ನೋಡಲು ಕಮಿಟಿ ಬರುತ್ತದೆ. ಅನುಪಮಾ ಮೇಡಂ, ಅವರ ಎದುರಿಗೆ ನಿಲ್ಲಬಾರದು ಕಣ್ರೀ ಇದು, ನಿಂತರೆ ಪ್ರಾಜೆಕ್ಟೂ ಅಲ್ಲಿಗೇ ನಿಂತ ಹಾಗೆ ಎಂದಿದ್ದಾರೆ ಪ್ರಿನ್ಸಿಪಾಲರು.

ಕೇಬಲ್ ಕೆಟ್ಟಿದ್ದರೆ ಬೆಳಿಗ್ಗೆಯೂ ಕೆಡಬೇಕಿತ್ತು, ಬೆಳಿಗ್ಗೆ ಒಂದು ದಿನವೂ ಕೆಟ್ಟಿಲ್ಲ, ಮೂರು ಗಂಟೆ ಏಳು ನಿಮಿಷ, ಮೂರೂ ಹನ್ನೊಂದು, ಮೂರೂ ನಾಲ್ಕು, ದಿನಾ ಮಧ್ಯಾಹ್ನ ಅದೇ ಹೊತ್ತಿಗೆ ಬಿದ್ದು ಹತ್ತು ಹದಿನೈದು ನಿಮಿಷಕ್ಕೆ ತಾನೇ ಎದ್ದುಕೊಳ್ಳುತ್ತದೆ, ಗಡಿಯಾರ ನೋಡಿಕೊಂಡು ಕೆಡಿಸುವುದು ಮನುಷ್ಯ ಮಾತ್ರ. ಏಳು ಯಂತ್ರಗಳು ನನ್ನ ಕಣ್ಣೆದುರಿಗೇ ಇವೆ, ಎಂಟನೆಯದಕ್ಕೆ ಇಲ್ಲಿ ಜಾಗವಿಲ್ಲದೆ ಹಿಂದಿನ ಸ್ಟೋರ್ ರೂಮಿನಲ್ಲಿಟ್ಟು ಹೊರಗೋಡೆಯ ಮೇಲೆ ಕೇಬಲ್ ಎಳೆದೆವು, ಯಾರಿಗೂ ಕಾಣದ ಜಾಗ, ಕೈ ಇಡುವವನು ಅಲ್ಲೇ ತಾನೇ ಇಡುವುದು. ಮೊದಲು ಅನುಮಾನ ಬಂದದ್ದು ಅರುಣ್ ಕುಮಾರ್ ಮೇಲೆ, ನನ್ನ ಜೊತೆಯ ಲೆಕ್ಚರರ್, ಈ ತಗಡು ಡಬ್ಬ ಕಟ್ಕೊಂಡು ಏನ್ಮಾಡ್ತೀರಿ ಮೇಡಂ, ನಮ್ ಹುಡುಗರಿಗೆ ಪ್ರಾಕ್ಟಿಕಲ್ಸಿಗೆ ರೂಮಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನಕ್ಕಿದ್ದರು, ನಗುವಾಗ ನನ್ನ ಮುಖ ನೋಡಲಿಲ್ಲ, ಅದನ್ನು ನಾನು ಗುರುತು ಹಾಕಿಕೊಂಡೆ. ಸ್ಟೋರ್ ರೂಮಿನಲ್ಲಿ ಕೇಬಲ್ಲಿನ ಮೂತಿ ಯಂತ್ರದೊಳಗೆ ಕೂರುವ ಕಡೆ ಎರಡರ ಮೇಲೂ ಹಾಯುವಂತೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದಿಟ್ಟೆ, ಯಾರಾದರೂ ಕಿತ್ತು ಮತ್ತೆ ಚುಚ್ಚಿದರೆ ಗೀಟು ಕೂಡುವುದಿಲ್ಲ. ಕೂಡಿಯೇ ಇತ್ತು. ಆ ಹೊತ್ತಿಗೆ ಅವರಿಗೆ ಮೇಲಿನ ಮಹಡಿಯಲ್ಲಿ ಕ್ಲಾಸು ಬೇರೆ, ದನಿ ಇಲ್ಲಿಗೇ ಕೇಳುತ್ತದೆ. ಗೀಟು ಕೂಡಿತ್ತು ಎಂದು ಸಮಾಧಾನವಾಗುವ ಬದಲು ಹಾಗಾದರೆ ಇನ್ಯಾರು ಎಂದು ಮನಸ್ಸು ಮುಂದಕ್ಕೆ ಹೋಯಿತು — ಅಮ್ಮನದೇ ಬುದ್ಧಿ ನನಗೂ, ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿಗಳ ತೊಟ್ಟಿಗೆ ಮಸಿಯಲ್ಲಿ ಗುರುತು ಹಾಕುತ್ತಿದ್ದಳು, ಕಾಯಿ ಒಣಗಿ ಒಳಗೆ ಕೊಬ್ಬರಿಯ ಗಿಟುಕು ಲೊಟಗುಟ್ಟಿದರೂ ಯಾರೋ ಹತ್ತವ್ರೆ ಕಣೇ, ಕಿವಿ ಕೊಟ್ಟು ಕೇಳು ಅನ್ನುತ್ತಿದ್ದಳು, ಕಾಯಿ ಸುಲಿಯಲು ಬರುತ್ತಿದ್ದ ರಾಮಕ್ಕನನ್ನು ಒಂದು ದಿನ ಕದ್ದೆಯಾ ಎಂದು ನೇರವಾಗಿ ಕೇಳಿಯೇಬಿಟ್ಟಳು, ರಾಮಕ್ಕ ಸೆರಗು ಕೊಡವಿ ಹೋದವಳು ಮತ್ತೆ ನಮ್ಮ ಹಟ್ಟಿಗೆ ಬರಲಿಲ್ಲ. ಕಾಯಿ ಕಡಿಮೆಯಾಗಿದ್ದವೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಗಿಡ್ಡಯ್ಯ. ನಮ್ಮ ಲ್ಯಾಬಿನ ಅಟೆಂಡರ್, ಐವತ್ತೈದು ದಾಟಿದೆ, ಕಾಲೇಜಿಗೆ ಪಾಯ ತೋಡಿದ ದಿನದಿಂದ ಇಲ್ಲಿದ್ದಾನಂತೆ, ಎರಡೂಮುಕ್ಕಾಲಿಗೆ ಪೊರಕೆ ಹಿಡಿದು ಬರುತ್ತಾನೆ, ಯಂತ್ರಗಳ ಬಳಿ ಬಂದಾಗ ಮಾತ್ರ ದೂರದಿಂದಲೇ ಕೈ ಚಾಚಿ ಗುಡಿಸುತ್ತಾನೆ, ಅದೇಕೆ ಅಷ್ಟು ದೂರ, ತಪ್ಪಿತಸ್ಥ ತಾನೇ ಹಾಗೆ ನಿಲ್ಲುವುದು — ಹಿಂಬಾಗಿಲಿನಿಂದ ಹೊರಗೆ ಹೋಗುತ್ತಾನೆ, ಹೋದ ಮೂರ್ನಾಲ್ಕು ನಿಮಿಷಕ್ಕೆ ಎಂಟನೆಯದು ಮೂಕ. ಭಾನುವಾರ ಅವನಿಗೆ ರಜ, ನಾಲ್ಕು ಭಾನುವಾರ ನಾನೊಬ್ಬಳೇ ಬಂದು ಕೂತು ನೋಡಿದೆ, ಒಂದು ಸಲವೂ ಬೀಳಲಿಲ್ಲ. ಇನ್ನೇನು ಬೇಕು. ಒಂದು ದಿನ ಕಿಟಕಿಯ ಸಂದಿಯಿಂದ ಇಣುಕಿದೆ, ಹೊರಗೋಡೆಗೆ ಮುಖ ಮಾಡಿ ನಿಂತಿದ್ದ, ಬೆನ್ನು ಮಾತ್ರ ಕಂಡಿತು, ಬಲಗೈ ಗೋಡೆಯ ಮೇಲೆ, ನನ್ನ ಕೇಬಲ್ ಹೋಗುವ ಪೈಪಿನ ಪಕ್ಕದಲ್ಲೇ, ಓಡಿಬಂದು ಪರದೆ ನೋಡಿದೆ, ಎಂಟನೆಯದು ಉತ್ತರಿಸುತ್ತಿಲ್ಲ, ಎದೆ ಹೊಡೆದುಕೊಂಡದ್ದು ಕೋಪಕ್ಕಲ್ಲ, ಸಿಕ್ಕಿಬಿದ್ದ ಎಂಬ ಖುಷಿಗೆ. ಅವತ್ತೇ ಸಂಜೆ ದೂರು ಬರೆದುಕೊಟ್ಟೆ. ಯಾಕೆ ಮಾಡುತ್ತಾನೆ ಎಂದು ಪ್ರಿನ್ಸಿಪಾಲರು ಕೇಳಿದರು, ಮಗನಿಗೆ ಇಲ್ಲಿ ಕೆಲಸ ಕೇಳಿದ್ದನಲ್ಲ ಸಾರ್, ಕೊಡಲಿಲ್ಲ ಅನ್ನುವ ಹೊಟ್ಟೆಯುರಿ ಇರಬೇಕು ಅಂದೆ, ಅದು ಆ ಕ್ಷಣಕ್ಕೆ ನನ್ನ ಬಾಯಿಗೆ ಬಂದದ್ದು, ಬಂದ ಮೇಲೆ ನಿಜವೇ ಇರಬೇಕು ಅನ್ನಿಸಿತು. ಹದಿನೈದು ದಿನ ನೋಡೋಣ ಅಂದರು, ನಿನ್ನೆ ಅವನನ್ನು ಕೆಲಸದಿಂದ ತೆಗೆದು ಆರ್ಡರ್ ಆಯಿತು.

ಮೇಡಮ್ಮೋರೆ — ಬಾಗಿಲಲ್ಲಿ ಅವನೇ, ಪೊರಕೆಯಿಲ್ಲದೆ ಕೈ ಎಲ್ಲಿಡಬೇಕೆಂದು ತಿಳಿಯದವನ ಹಾಗೆ ನಿಂತಿದ್ದಾನೆ, ಅದೇ ಖಾಕಿ ಪ್ಯಾಂಟು. ಬೀಗದ ಕೈ ಕೊಟ್ಟೋಗಾಣ ಅಂತ ಬಂದೆ ಕಣವ್ವಾ. ಟೇಬಲ್ಲಿನ ಮೇಲಿಡು ಅನ್ನುತ್ತೇನೆ, ತಲೆಯೆತ್ತದೆ. ಇಟ್ಟರೂ ಹೋಗುವುದಿಲ್ಲ. ನಾನು ನಿಮ್ ಮಿಷನ್ನ ಮುಟ್ಟಾಕೇ ಹೆದರ್ಕಂತಿದ್ದೆ, ಏನಾರ ಆದ್ರೆ ನನ್ ತಲೆಗ್ ಬತ್ತದೆ ಅಂತ ಕಸಾನೂ ದೂರದಿಂದ್ಲೇ ಗುಡಿಸ್ತಿದ್ದೆ, ದೇವ್ರಾಣೆಗೂ ನಂಗೊತ್ತಿಲ್ಲ. ಅದನ್ನೆಲ್ಲ ಪ್ರಿನ್ಸಿಪಾಲರ ಹತ್ತಿರ ಹೇಳು ಅನ್ನುತ್ತೇನೆ, ಎಷ್ಟು ಚೆನ್ನಾಗಿ ನಟಿಸುತ್ತಾನೆ, ಕಣ್ಣು ನೆಟ್ಟಗೆ ನೋಡುತ್ತಾನೆ, ಅಭ್ಯಾಸವಾಗಿದೆ, ಮೂರೂ ಎಂಟು, ಮೂರೂ ಒಂಬತ್ತು — ಸಾಲು ನಿಂತಿತು. ಎಂಟನೆಯದು ಉತ್ತರಿಸುತ್ತಿಲ್ಲ. ಅವನು ನನ್ನಿಂದ ನಾಲ್ಕು ಅಡಿಯಲ್ಲಿ ನಿಂತಿದ್ದಾನೆ, ಎರಡೂ ಕೈ ಕಾಣುತ್ತಿವೆ. ಯಾರಿಗೆ ಹೇಳಿಬಂದೆ ಗಿಡ್ಡಯ್ಯ, ಹಿಂದೆ ಯಾರನ್ನು ನಿಲ್ಲಿಸಿದ್ದೀಯ — ನನ್ನ ಬಾಯಿಂದ ಬಂದದ್ದು ಇದು, ಆಗಲೂ ಇದೇ. ಅವನಿಗೆ ಅರ್ಥವಾಗಲಿಲ್ಲ. ಹಿಂದೆ ಕಾಡಸಿದ್ದಪ್ಪ ಅವ್ನಲ್ಲವ್ವಾ, ವಾಚ್‌ಮನ್ನು, ಇವತ್ತಿಂದ ಮೋಟ್ರು ಅವ್ನೇ ಹಾಕದು, ಮೂರಕ್ಕೆ ತ್ರೀ ಫೇಸ್ ಕರೆಂಟು ಬತ್ತದಲ್ಲ, ಟ್ಯಾಂಕ್ ತುಂಬ್ಸ್ಬೇಕಲ್ಲ. ಮೇಲೆ ತಾರಸಿಯ ಟ್ಯಾಂಕಿಗೆ ನೀರು ಧೊ ಎಂದು ಬೀಳುತ್ತಿದೆ, ಎಷ್ಟು ದಿನದಿಂದ ಹೀಗೆ ಬೀಳುತ್ತಿತ್ತು, ನಾನು ಕೇಳಿಸಿಕೊಂಡದ್ದೇ ಇಲ್ಲ.

ಎದ್ದೆ, ಹಿಂಬಾಗಿಲು, ಬಿಸಿಲು, ಕಾಡಸಿದ್ದಪ್ಪ ಬೀಡಿ ಮರೆಮಾಡುತ್ತಿದ್ದಾನೆ, ಗೋಡೆಯ ಮೇಲೆ ಮೋಟರಿನ ಸ್ಟಾರ್ಟರ್ ಪೆಟ್ಟಿಗೆ, ಅವತ್ತು ಆ ಬಲಗೈ ಇದ್ದದ್ದು ಇದರ ಮೇಲೆ, ಇದು ಇಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲವೇ, ಗೊತ್ತಿತ್ತು, ದಿನಾ ಇದರ ಮುಂದೆಯೇ ನಡೆಯುತ್ತೇನೆ, ಬೇಕಾಗಿರಲಿಲ್ಲ ಅಷ್ಟೇ. ಪೆಟ್ಟಿಗೆಯಿಂದ ಮೋಟರಿನ ವೈರು ಹೊರಟು ಪೈಪಿನೊಳಗೆ ಹೋಗುತ್ತದೆ, ಅದೇ ಪೈಪಿನೊಳಗೆ ನನ್ನ ನೀಲಿ ಕೇಬಲ್, ಎರಡೂ ಮೈಗೆ ಮೈ ಹತ್ತಿಸಿಕೊಂಡು ಗೋಡೆಯುದ್ದಕ್ಕೂ, ಅದರಲ್ಲಿ ಕರೆಂಟು ಹರಿದಾಗಲೆಲ್ಲ ಇದರ ಮಾತು ಕಲಸಿಹೋಗುತ್ತದೆ, ಇನ್ನೊಂದು ಪೈಪು ಯಾಕೆ, ಇದರಲ್ಲೇ ತೂರಿಸಿಬಿಡೋಣ ಎಂದವಳು ನಾನು, ತೂರಿಸಿದವಳೂ ನಾನು, ಬಿಗಿಯಾಗಿದೆ ಎಂದು ಸೋಪಿನ ನೀರು ಹಚ್ಚಿ ಎಳೆದವಳು. ಬಂದ್ ಮಾಡಿ ಕಾಡಸಿದ್ದಪ್ಪ. ಟ್ಯಾಂಕ್ ತುಂಬಿಲ್ಲ ಮೇಡಂ. ಬಂದ್ ಮಾಡಿ ಅಂದೆನಲ್ಲ. ಒಳಗೆ ಓಡಿದೆ, ಎಂಟನೆಯದು ಇದ್ದೀನಿ ಅನ್ನುತ್ತಿದೆ. ಹಾಕಿ ಎಂದು ಕೂಗಿದೆ, ಮೂಕ. ಬಂದ್, ಇದ್ದೀನಿ. ಹಾಕಿ, ಮೂಕ. ನಾಲ್ಕು ಸಲ ಮಾಡಿದೆ, ನಾಲ್ಕನೆಯ ಸಲ ಉತ್ತರ ಬೇರೆ ಬರಲಿ ಎಂದು ಬೇಡಿಕೊಂಡೆ, ಬರಲಿಲ್ಲ. ಭಾನುವಾರ ಕಾಲೇಜಿಲ್ಲ, ಮಕ್ಕಳಿಲ್ಲ, ನೀರು ಯಾರಿಗೆ, ಮೋಟರು ಯಾಕೆ ಹಾಕುತ್ತಾರೆ. ತಿರುಗಿ ನೋಡಿದರೆ ಗಿಡ್ಡಯ್ಯ ಇಲ್ಲ, ಟೇಬಲ್ಲಿನ ಮೇಲೆ ಬೀಗದ ಕೈ ಮಾತ್ರ.

ಗೇಟಿನಾಚೆ ರಸ್ತೆಯ ಬದಿ, ತುರುವೇಕೆರೆ ಬಸ್ಸು ಇನ್ನೂ ಬಂದಿರಲಿಲ್ಲ, ಕಲ್ಲುಚಪ್ಪಡಿಯ ಮೇಲೆ ಕೂತಿದ್ದ, ನಾನು ಓಡುತ್ತಿದ್ದೆ, ಸೀರೆಯ ನೆರಿಗೆ ಕಾಲಿಗೆ ಸಿಕ್ಕುತ್ತಿತ್ತು, ಗಿಡ್ಡಯ್ಯ ಎಂದು ಕೂಗಿದೆ, ಏದುಸಿರಿನಲ್ಲಿ ಕೂಗು ಗದರಿದ ಹಾಗೆ ಬಂತು. ಅವನು ದಡಕ್ಕನೆ ಎದ್ದ. ನನ್ನನ್ನು ನೋಡಿದ. ನಾನು ಇನ್ನೂ ಹತ್ತು ಹೆಜ್ಜೆ ದೂರವಿದ್ದೆ, ಒಂದು ಮಾತೂ ಆಡಿರಲಿಲ್ಲ, ಅವನು ಎರಡೂ ಕೈ ಪ್ಯಾಂಟಿನ ಜೇಬಿಗೆ ಹಾಕಿ ಜೇಬುಗಳನ್ನು ಹೊರಕ್ಕೆ ಎಳೆದ, ಬಿಳಿಯ ಬಟ್ಟೆ, ಹೊಗೆಸೊಪ್ಪಿನ ಪುಡಿ ಉದುರಿತು, ಒಂದು ಎಲೆಯಡಿಕೆ ಚೀಲ ನೆಲಕ್ಕೆ ಬಿತ್ತು, ಕೈ ಎರಡನ್ನೂ ಮೇಲೆತ್ತಿಕೊಂಡು ನಿಂತ. ಏನಿದು ಗಿಡ್ಡಯ್ಯ. ನೋಡ್ಕಳ್ರವ್ವಾ, ಏನೂ ತಗಂಡೋಗ್ತಿಲ್ಲ. ಯಾರು ಹೇಳಿದ್ದು ನಿನಗೆ ಜೇಬು ತೋರಿಸು ಅಂತ. ಹದಿನೈದು ದಿನದಿಂದ ಗೇಟಲ್ಲಿ ದಿನಾ ನೋಡ್ತಾರಲ್ಲವ್ವಾ, ನೀವ್ ಬರ್ಕೊಟ್ಟಿದ್ರಂತಲ್ಲ, ಮಕ್ಳೆಲ್ಲ ಹೋಗೋ ಹೊತ್ತಲ್ಲೇ ನಿಲ್ಸ್ಕಂತಾರೆ, ಈಗ್ ಅಭ್ಯಾಸ ಆಗೋಗದೆ, ಯಾರಾರ ಕೂಗುದ್ರೆ ಕೈ ತಾನೇ ಹೋಯ್ತದೆ. ನಾನು ಜೇಬಿನ ವಿಷಯ ಬರೆದಿರಲಿಲ್ಲ, ನಾನು ಬರೆದದ್ದು ಕೇಬಲ್ಲಿನ ವಿಷಯ, ಲಿಂಕಿನ ವಿಷಯ, ಇದು ನನಗೆ ಗೊತ್ತಿರಲಿಲ್ಲ — ಅದನ್ನು ಬಿಟ್ಟು ಇಷ್ಟು ಹೇಳಿದೆ. ಮೋಟರಿನ ವೈರಿನಿಂದ ಆಗುತ್ತಿದ್ದದ್ದು, ನಿಮ್ಮದೇನೂ ತಪ್ಪಿಲ್ಲ, ಕೇಬಲ್ ಎಳೆದ ನನ್ನದೇ ತಪ್ಪು, ಬನ್ನಿ, ಬನ್ನಿ ಎಂದು ಅವನಿಗೆ ಅಂದದ್ದು ಅದೇ ಮೊದಲು. ಅವನು ಚೀಲ ಎತ್ತಿಕೊಂಡ, ಮಣ್ಣು ಕೊಡವಿದ, ಬಸ್ಸು ಬರುವ ದಿಕ್ಕು ನೋಡಿದ. ಬತ್ತೀನಿ ಬುಡವ್ವ, ಮನೇಲಿ ಹೇಳಾಗದೆ ಕೆಲಸ ಹೋಯ್ತು ಅಂತ, ಹೆಂಗಸ್ರು ಅತ್ತವ್ರೆ, ಆದ್ರೂ ಬತ್ತೀನಿ. ನಾಳೆ ಇನ್ನೊಂದು ತಂತಿ ಹೋದ್ರೆ ನನ್ನೇ ಅಂತೀರಾ ಮೇಡಮ್ಮೋರೆ. ಇಲ್ಲ ಎಂದು ತಕ್ಷಣ ಅನ್ನಬೇಕಿತ್ತು, ಒಂದು ಉಸಿರಿನಷ್ಟು ತಡವಾಯಿತು, ಅಷ್ಟನ್ನೂ ಅವನು ನೋಡಿಕೊಂಡ, ನೋಡಿಕೊಂಡೇ ನನ್ನ ಹಿಂದೆ ನಡೆದು ಬಂದ.

ಈಗ ಪ್ರಿನ್ಸಿಪಾಲರ ಕೋಣೆ, ಫ್ಯಾನು ತಿರುಗುತ್ತಿದೆ, ನೋಡಿ ಮೇಡಂ, ಆರ್ಡರ್ ವಾಪಸ್ ತಗೋತೀನಿ, ನಾಳೆಯಿಂದ ಬರಲಿ, ಆದ್ರೆ ತಪ್ಪು ನಿಮ್ದು ಅಂತ ನಿಮ್ ಕೈಯಾರೆ ಬರೆದುಕೊಡಿ, ಆ ಕಾಗದ ಫೈಲಿಗೆ ಹೋದ್ರೆ ಕಮಿಟಿಯವರೂ ನೋಡ್ತಾರೆ, ಆಮೇಲೆ ಪ್ರಾಜೆಕ್ಟ್ ನಿಮ್ ಹೆಸರಲ್ಲಿ ಉಳಿಯತ್ತೋ ಅರುಣ್ ಕುಮಾರ್‌ಗೆ ಹೋಗತ್ತೋ ನಾನು ಹೇಳೋಕಾಗಲ್ಲ, ಯೋಚಿಸಿ ಬರೀರಿ. ಬರೆಯುತ್ತಿದ್ದೇನೆ, ಯೋಚಿಸುವುದೇನೂ ಇಲ್ಲ, ಎಂಟನೆಯ ಕಂಪ್ಯೂಟರಿನ ಸಂಪರ್ಕ ಕಡಿಯಲು ನಾನು ಹಾಕಿಸಿದ ಕೇಬಲ್ ಮಾರ್ಗವೇ ಕಾರಣವೆಂದೂ, ಅಟೆಂಡರ್ ಶ್ರೀ ಗಿಡ್ಡಯ್ಯನವರ ಮೇಲೆ ನಾನು ಮಾಡಿದ ಆರೋಪ ಸಂಪೂರ್ಣ ಸುಳ್ಳೆಂದೂ — ಸುಳ್ಳೆಂದೋ, ತಪ್ಪೆಂದೋ, ಅರುಣ್ ಕುಮಾರ್ ಇದನ್ನು ಓದುವಾಗ ನಗುತ್ತಾರೆಯೇ, ನಗಲಿ, ಸುಳ್ಳೆಂದೇ ಇರಲಿ, ನಾಳೆ ಬೇರೆ ಪೈಪು ಹಾಕಿಸಬೇಕು, ಸೋಮವಾರದೊಳಗೆ ಆಗುತ್ತದೆ, ಲಿಂಕು ಬೀಳುವುದಿಲ್ಲ, ಎಂಟೂ ಉತ್ತರ ಕೊಡುತ್ತವೆ — ತೆರೆದ ಬಾಗಿಲಾಚೆ ವರಾಂಡದ ಬೆಂಚಿನ ಮೇಲೆ ಅವನು ಕೂತಿದ್ದಾನೆ, ಕಾಲೇಜು ಬಿಟ್ಟ ಮಕ್ಕಳು ಅವನ ಮುಂದೆಯೇ ಹಾದುಹೋಗುತ್ತಿದ್ದಾರೆ, ಎಡಗಡೆಯ ಜೇಬನ್ನು ಒಳಗೆ ತುರುಕಿಕೊಂಡಿದ್ದಾನೆ, ಬಲಗಡೆಯದು ಮರೆತಿದ್ದಾನೆ, ಯಾರಾದರೂ ಹೇಳಬಾರದೇ, ನಾನು ಹೇಳಬೇಕು, ಎದ್ದು ಹೋಗಿ ಏನೆಂದು ಹೇಳುವುದು, ಆದ್ದರಿಂದ ತಾವು ದಯವಿಟ್ಟು ಎಂದು ಬರೆದಿದ್ದೇನೆ, ದಯವಿಟ್ಟು, ಪೆನ್ನು ಮುಂದಕ್ಕೆ ಹೋಗುತ್ತಿಲ್ಲ, ಖಾಕಿ ಪ್ಯಾಂಟಿನ ಬಲಗಡೆ, ತೊಡೆಯ ಮೇಲೆ, ಹೊರಗೆ ಎಳೆದ ಬಿಳಿಯ ಜೇಬು