ಖಾಲಿ ಡಬ್ಬಿಯ ಹೆಸರು

ತಳಕ್ಕೆ ಹಳೆಯ ಬೇಳೆಪುಡಿ ಅಂಟಿದ್ದ ಸ್ಟೀಲ್ ಡಬ್ಬಿಯನ್ನು ತಿಕ್ಕಲು ಸುಮಂಗಲಾ ಬೂದಿ ಕೈಗೆತ್ತಿಕೊಂಡಿದ್ದಳಷ್ಟೇ, ಪಡಸಾಲೆಯಿಂದ ಅತ್ತೆ ಕಸ್ತೂರಬಾಯಿ ಕೂಗಿದರು.

"ಸುಮಂಗಲಾ, ಬಾ ಇಲ್ಲಿ! ನಿನ್ನ ಮಗಳ ಯಂತ್ರ ಉಪಾಸದ ಸೋಮಾರ ದಿನಾನೂ ನನಗ ಬದ್ನಿಕಾಯಿ ಉಣಸ್ಲಿಕತ್ತದ!"

ಡಬ್ಬಿ ಹಿಡಿದೇ ಸುಮಂಗಲಾ ಬಂದಳು. ಹದಿಮೂರರ ಮೀನಲ ಲ್ಯಾಪ್‌ಟಾಪಿನ ಮುಂದೆ ಮುಖ ಗಂಟಿಕ್ಕಿ ಕೂತಿದ್ದಳು. ಕನ್ನಡದಲ್ಲೇ ಬರೆಯಬಹುದಾದ ಪುಟ್ಟ ಕಂಪ್ಯೂಟರ್ ಭಾಷೆಯನ್ನೂ, ಅದನ್ನು ಯಂತ್ರದ ಆಜ್ಞೆಗಳಿಗೆ ತಿರುಗಿಸುವ ಕಂಪೈಲರನ್ನೂ ಅವಳೇ ಕಟ್ಟಿದ್ದಳು. ಯಾವ ದಿನ ಮನೆಯಲ್ಲಿ ಯಾವ ಪಲ್ಯ ಎಂದು ಹೇಳುವ ಪ್ರೋಗ್ರಾಮನ್ನು ಅದರಲ್ಲೇ ಬರೆದಿದ್ದಳು. ಒಂಬತ್ತಕ್ಕೆ ಅವರ ಹಳ್ಳಿ ದಾಳಿಂಬದಿಂದ ಆಟೋ. ತಾಲೂಕು ಊರಾದ ಉಮರ್ಗಾದಲ್ಲಿ ಇವತ್ತೇ ಶಾಲೆಗಳ ವಿಜ್ಞಾನ ಪ್ರದರ್ಶನ.

"ಏನಾಗ್ಯದ, ಮಗಾ?"

"'ಆರಿಸು' ಅಂದ್ರ ಯಂತ್ರ ವಾರದ ಏಳು ದಿನದಾಗ ಒಂದರ ದಾರಿ ಅಷ್ಟೇ ಹಿಡೀಬೇಕವ್ವಾ. ಐತವಾರದ ದಾರ್ಯಾಗ 'ಪಲ್ಯ' ಅನ್ನೋ ವೇರಿಯೇಬಲ್‌ದಾಗ ಬದ್ನಿಕಾಯಿ ಇಟ್ಟೀನಿ. ಸೋಮಾರ ಆಯಿ ಉಪಾಸ, ಏನೂ ಇಟ್ಟಿಲ್ಲ. ಆದ್ರೂ ಬದ್ನಿಕಾಯಿ ಅಂತದ!"

"ಮೊದಲ ಐತವಾರದ್ದು ಕೇಳಿದ್ಯೇನು?"

"ಹೂಂ."

ಸುಮಂಗಲಾಳಿಗೆ ಕಂಪೈಲರ್ ತಿಳಿಯದು. ಕೈಯಲ್ಲಿದ್ದ ಡಬ್ಬಿಯನ್ನು ಮಗಳ ಮುಂದೆ ವಾಲಿಸಿದಳು. "ಇದನ್ನ ತೊಳೀದೇ ಹಂಗೇ ಇಟ್ರ?"

ಮೀನಲ ಒಳಗೆ ಇಣುಕಿದಳು. ಆಮೇಲೆ ಹಣೆ ಬಡಿದುಕೊಂಡಳು. "ಏಳೂ ದಾರಿಗಿ ಒಂದೇ ಡಬ್ಬಿ ಕೊಟ್ಟೀನಿ! ದಾರಿ ಹಿಡಿಯೂಕಿಂತ ಮೊದಲ ಖಾಲಿ ಮಾಡು ಅಂತ ಹೇಳೇ ಇಲ್ಲ."

ಕಂಪೈಲರಿಗೆ ಒಂದು ಸಾಲು ಸೇರಿಸಿದಳು. ಪ್ರತಿ 'ಆರಿಸು'ವಿಗೂ ಮುಂಚೆ ಡಬ್ಬಿ ಬರಿದಾಗಬೇಕು. ಭಾನುವಾರದ್ದು ಕೇಳಿದಳು: ಬದನೆಕಾಯಿ. ಸೋಮವಾರದ್ದು ಕೇಳಿದಳು. ತೆರೆಯ ಮೇಲೆ ಮೂಡಿತು, 'ಪಲ್ಯ: ಖಾಲಿ'.

"ಈಗ ಬುದ್ಧಿ ಬಂತ ನೋಡು ಅದಕ," ಎಂದರು ಕಸ್ತೂರಬಾಯಿ.

ಮೀನಲ ಮಾತ್ರ ಏಳಲಿಲ್ಲ. ಹೆಸರಿದೆ, ಒಳಗೇನೂ ಇಲ್ಲ. ತೆರೆಯಿಂದ ಅವಳ ಕಣ್ಣು ಮೆಲ್ಲಗೆ ಅಡುಗೆಮನೆಯ ಹಲಗೆಗೆ ಹೋಯಿತು. ಅಲ್ಲಿನ ಡಬ್ಬಿಗಳೆಲ್ಲ ಮದುವೆಯಲ್ಲಿ ಬಂದವು. ಯಾರಿಗೆ ಬಂದವೋ ಅವರ ಹೆಸರು ಕೊರೆದವು. ಕಸ್ತೂರಬಾಯಿ ಎಂದಿರುವುದರಲ್ಲಿ ಜೋಳದ ಹಿಟ್ಟು, ಸುಮಂಗಲಾ ಎಂದಿರುವುದರಲ್ಲಿ ಸಕ್ಕರೆ. ಕೊನೆಯದು ನಗ್ಗಿದ ಡಬ್ಬಿ, ತೊಂಬತ್ಮೂರರ ಭೂಕಂಪದಲ್ಲಿ ಬಿದ್ದ ಮನೆಯ ಮಣ್ಣಿನಿಂದ ತೆಗೆದದ್ದು. ಅದರ ಮೇಲೂ ಒಂದು ಹೆಸರು; ಆ ಹೆಸರಿನವರು ಮನೆಯಲ್ಲಿ ಯಾರೂ ಇಲ್ಲ. ಅದನ್ನು ಅಜ್ಜಿ ಪ್ರತಿ ಸೋಮವಾರ ತಾವೇ ತೊಳೆದು, ಒರೆಸಿ, ಬರಿದಾಗಿಯೇ ಇಡುತ್ತಾರೆ.

ಅಕ್ಷರ ಕಲಿತಾಗಿನಿಂದ ಮಗಳ ಕಣ್ಣು ಆ ಹೆಸರಿನ ಮೇಲೆ ನಿಂತು ಸರಿಯುವುದನ್ನು ಸುಮಂಗಲಾ ನೋಡುತ್ತ ಬಂದಿದ್ದಳು. ಅವಳಾಗಿ ಕೇಳಲೆಂದು ಕಾದಿದ್ದಳು.

ಹೊರಗೆ ಆಟೋದ ಹಾರ್ನ್ ಕೇಳಿಸಿತು.

"ಆಯಿ," ಎಂದಳು ಮೀನಲ ಅಜ್ಜಿಯತ್ತ ತಿರುಗಿ, "ಗುಂಡಮ್ಮ ಅಂದ್ರ ಯಾರು?"