ಹೊಳೆ ಕೊಂಡ ಶೆಟ್ಟರು

ಉಮಾವತಿ ಮಾತಿಲ್ಲದೆ ಗಂಡನ ಮೆಟ್ಟಿಗೆ ಎಣ್ಣೆ ಹಚ್ಚುತ್ತಿದ್ದಳು. ಹಳೆ ಬಟ್ಟೆಯ ತುಂಡನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಬಾರಿನ ಸಂದಿಯವರೆಗೂ ತಿಕ್ಕಿ, ಬಿಸಿಲಿಗೆ ಹಿಡಿದು ನೋಡಿ, ಮತ್ತೆ ತಿಕ್ಕಿದಳು. ಆ ಮನೆಯಲ್ಲಿ ಮಾತಾಡುವ ಕೆಲಸ ಭೋಜರಾಜ ಶೆಟ್ಟರದು. ಉಳಿದವರದು ಹೌದು ಎನ್ನುವುದು.

ಬೊಂಬಾಯಿಯ ಹೋಟೆಲುಗಳಲ್ಲಿ ದುಡ್ಡು ಮಾಡಿ ಬಂದ ಶೆಟ್ಟರು ಗಂಗೊಳ್ಳಿಯಲ್ಲಿ ಮೊದಲು ತೆಂಗಿನ ತೋಟ ಕೊಂಡರು, ಆಮೇಲೆ ಐಸಿನ ಕಾರ್ಖಾನೆ. ಐಸು ಕರಗಿ ಹೋಗುತ್ತಿದೆ ಎಂದು ಬಂದು ಹೇಳಿದ ಕಿಟ್ಟನನ್ನು ಅವತ್ತೇ ಕೆಲಸದಿಂದ ತೆಗೆದರು. ಆಮೇಲೆ ಐಸು ಕರಗಿದ ಸುದ್ದಿ ಅವರ ಕಿವಿಗೆ ಬೀಳಲೇ ಇಲ್ಲ.

ಈಗ ಅವರಿಗೆ ತಾಲೂಕು ಬೋರ್ಡಿಗೆ ಅವಿರೋಧವಾಗಿ ಆರಿಸಿ ಬರಬೇಕಿತ್ತು. ಕುಂದಾಪುರದ ಕಚೇರಿಯಲ್ಲಿ ನಾಮಪತ್ರ ಕೊಡಲು ಇವತ್ತು ಮೂರು ಗಂಟೆಯೇ ಕೊನೆ, ಶೆಟ್ಟರೂ ಇನ್ನೂ ಕೊಟ್ಟಿರಲಿಲ್ಲ. ಎದುರು ನಿಲ್ಲುತ್ತೇನೆ ಎಂದವರು ನಿವೃತ್ತ ಮಾಸ್ತರು ಶಾಮರಾಯರೊಬ್ಬರೇ. ಅವರನ್ನು ಕೊಳ್ಳಲಾಗದೆ ಶೆಟ್ಟರು ಹೊಳೆಯನ್ನೇ ಕೊಂಡರು: ಕುಂದಾಪುರಕ್ಕೆ ದಾಟಿಸುವ ದೋಣಿಗಳಿಗೆಲ್ಲ ಬಾಡಿಗೆ ಕೊಟ್ಟು ದಡದಲ್ಲೇ ಕಟ್ಟಿಹಾಕಿಸಿದರು. ಮಾಸ್ತರು ತಾಳಮದ್ದಳೆಯಲ್ಲಿ ಪಾತ್ರಗಳ ಅರ್ಥ ಹೇಳುವವರು, ಯಾರ ಸ್ವರ ಬೇಕಾದರೂ ತೆಗೆಯುತ್ತಾರೆ ಎಂಬುದೂ ಶೆಟ್ಟರಿಗೆ ನೆನಪಿತ್ತು. ದೋಣಿಯವರ ಮುಖಂಡ ಚಂದ್ರನನ್ನು ಕರೆದು ಹೇಳಿದರು:

“ಯಾರ್ ಕರದ್ರೂ ದೋಣಿ ಬಿಡುಕಾಗ. ನನ್ ಸ್ವರ ಕೇಂಡ್ರೂ ಬಿಡುಕಾಗ, ಅದ್ ಮಾಸ್ಟ್ರೇ ಅಂದ್ಕೊ. ಬಿಟ್ರ್ಯೋ, ನಾಳಿಂದ ಮೀನಿಗ್ ಐಸಿಲ್ಲೆ.”

ಮಾಸ್ತರು ಹಿಂದಿನ ದಿನವೇ ಮೀನಿನ ದೋಣಿಯಲ್ಲಿ ದಾಟಿಹೋದದ್ದು ಊರಿಗೆಲ್ಲ ಗೊತ್ತಿತ್ತು. ಉಮಾವತಿ ಕಣ್ಣಾರೆ ಕಂಡಿದ್ದಳು. ಆದರೆ ಕಿಟ್ಟನ ಗತಿಯನ್ನೂ ಕಂಡಿದ್ದಳಲ್ಲ.

ಶೆಟ್ಟರು ದಡದಲ್ಲೇ ಕುರ್ಚಿ ಹಾಕಿಸಿ ಮಾಸ್ತರನ್ನು ಕಾಯುತ್ತ ಕುಳಿತರು. ನೀರು ಇಳಿಯುತ್ತಿದೆ, ಈಗಲೇ ಹೊರಡುವುದು ಒಳ್ಳೆಯದು ಎಂದು ಅವರ ಸ್ವಂತ ದೋಣಿಯ ಅಂಬಿಗ ನಾಗ ಮೆಲ್ಲಗೆ ಹೇಳಿದ್ದಕ್ಕೆ, ತಾನು ಇಲ್ಲಿರುವಾಗ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಗುಮಾಸ್ತ ಶೀನ ಹೌದೆಂದ. ಎರಡು ಗಂಟೆ ಹೊಡೆದ ಮೇಲೆ ಗೆದ್ದವರ ಗತ್ತಿನಲ್ಲಿ ಎದ್ದು, ಕುರ್ಚಿಯನ್ನೂ ದೋಣಿಗೆ ಹೇರಿಸಿ, ಒಳ್ಳೆಯ ಕಾಲ್ಗುಣವೆಂದು ಉಮಾವತಿಯನ್ನೂ ಹತ್ತಿಸಿಕೊಂಡು ಹೊರಟರು.

ಹೊಳೆಯ ನಡುವೆ ದೋಣಿ ಮರಳಿನ ದಿಬ್ಬ ಹತ್ತಿ ಕುಳಿತುಬಿಟ್ಟಿತು. ನಾಗ ಬಿದಿರಿನ ಗಳ ಊರಿ ಎಷ್ಟು ನೂಕಿದರೂ ಗಳವೇ ಒಳಗಿಳಿಯಿತು. ಇಳಿದು ನಡೆಯೋಣವೆಂದರೆ ಸುತ್ತ ಮೊಳಕಾಲು ನೀರು, ಅದರಡಿ ಸೊಂಟದವರೆಗೆ ಹೂಳುವ ಕೆಸರು.

“ದೋಣಿ ಹೋತಾ ಇತ್ತಾ, ಶೀನ?” ಶೆಟ್ಟರು ಕೇಳಿದರು.

“ಹೋತಾ ಇತ್ತ್, ಒಡೇರೆ,” ಎಂದ ಶೀನ. ದೋಣಿಯ ಎದುರಿಗೆ ಆಗಿನಿಂದ ನೀರಿನಲ್ಲಿ ಅದೇ ಕಂಬ, ಅದರ ಮೇಲೆ ಅದೇ ಕೊಕ್ಕರೆ ಕೂತಿತ್ತು.

ಉಮಾವತಿ ಕೊಡೆಯನ್ನು ಗಂಡನ ತಲೆಯ ಮೇಲೆ ಸರಿಮಾಡಿದಳು. ಇನ್ನು ಕಳಕೊಳ್ಳುವುದು ಏನಿದೆ ಎನ್ನಿಸಿತೇನೋ, ಮಾಸ್ತರು ನಿನ್ನೆಯೇ ದಾಟಿದ್ದನ್ನು ಹೇಳಿಬಿಟ್ಟಳು.

ಶೆಟ್ಟರ ಮುಖ ಬೆಳ್ಳಗಾಯಿತು. “ನಿಂಗ್ ಗೊತ್ತಿತ್ತಾ? ಎಂತಕ್ ಹೇಳ್ಲಿಲ್ಲೆ?”

“ಹೇಳಿದ್ರೆ ನನ್ನೂ ತೆಗೀತಿದ್ರಿ,” ಎಂದಳು.

ನಾಗ ಕೆಮ್ಮು ಬಂದವನಂತೆ ಆಚೆ ತಿರುಗಿದ. ಮಾಸ್ತರು ಒಬ್ಬರೇ ಅವಿರೋಧವಾಗಿ ಆರಿಸಿ ಬರುವುದು ಶೆಟ್ಟರ ಕಣ್ಣಿಗೆ ಕಟ್ಟಿತು. ಗಡಿಯಾರ ನೋಡಿದರು, ಒಂದು ಸಣ್ಣ ದೋಣಿ ಬಂದರೆ ಈಗಲೂ ಮುಟ್ಟಬಹುದಿತ್ತು. ದಡದಲ್ಲಿ ಅಂಥವು ಸಾಲಾಗಿ ಇದ್ದವು. ಕುರ್ಚಿಯ ಮೇಲೆ ಹತ್ತಿನಿಂತು ಕೂಗಿದರು, ತಾನು ತಾನೇ ಎಂದು ಆಣೆ ಹಾಕಿದರು, ಐಸು ಪುಕ್ಕಟೆ ಕೊಡುತ್ತೇನೆಂದರು.

ದಡದಲ್ಲಿ ದೋಣಿಯವರು ಮುಖ ಮುಖ ನೋಡಿಕೊಂಡರು. ಮಾಸ್ತರು ಸ್ವರ ತೆಗೆಯುವುದೆಂದರೆ ತೆಗೆಯುವುದೇ ಎಂದು ಒಬ್ಬ ತಲೆದೂಗಿದ. ಚಂದ್ರ ಹೊಸ ಬೀಡಿ ಹಚ್ಚಿದ.

ಶೆಟ್ಟರು ಕುರ್ಚಿಯಿಂದ ಕೆಳಗಿಳಿದರು. ಹುಟ್ಟಿದ ಮೇಲೆ ಮೊದಲ ಸಲ ಅವರು ಮೆತ್ತಗೆ ಕರೆದರು.

“ಚಂದ್ರಣ್ಣ, ಒಂದ್ ದೋಣಿ ಕಳ್ಸಿ, ಮರಾಯ್ರೆ.”