ಏಕಾದಶಿಯ ರಾತ್ರಿಯ ಸದ್ದು

ಬಚ್ಚಲ ಕಡೆಯಿಂದ ಸರ್, ಸರ್ ಎಂಬ ಸಣ್ಣ ಸದ್ದು ಕೇಳಿದಾಗ ಮನೆಯೆಲ್ಲ ಮಲಗಿತ್ತು. ಯಾರೋ ಕಷ್ಟಪಟ್ಟು ಉಸಿರೆಳೆದಂತಿತ್ತು. ಆ ಬೇಸಿಗೆಯಲ್ಲಿ ಮಾವನವರು ಎದೆ ಹಿಡಿದುಕೊಂಡು ಕುಸಿದದ್ದು ಅದೇ ಬಚ್ಚಲಲ್ಲಿ. ಅಂದು ನನ್ನನ್ನು ಎಬ್ಬಿಸಿದ್ದು ಅವರ ಕೈಯಿಂದ ಜಾರಿದ ಚೊಂಬು. ಆಮೇಲೆ ಬಚ್ಚಲಲ್ಲಿ ಹಲ್ಲಿ ಲೊಚಗುಟ್ಟಿದರೂ ನನಗೆ ಎಚ್ಚರವಾಗುತ್ತಿತ್ತು.

ಮಾವ ನರಹರಿ ಆಚಾರ್ಯರು ಊರಿಗೆಲ್ಲ ಪಂಚಾಂಗ ಹೇಳುವವರು. ಹೃದಯದ ಡಾಕ್ಟರು ಅವರ ಊದಿದ ವಸಡುಗಳನ್ನು ನೋಡಿ ಮುಖ ಗಂಟಿಕ್ಕಿದ್ದರು. ವಸಡಿನ ಉರಿಯೂತ ಬಾಯಲ್ಲೇ ನಿಲ್ಲುವುದಿಲ್ಲ, ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ; ಹೃದಯಾಘಾತಕ್ಕೆ ಅದೇ ಕಾರಣವೆಂದು ಹೇಳಲಾಗದು, ಆದರೆ ಎರಡೂ ಜೊತೆಜೊತೆಗೆ ಕಾಣುವುದು ಹೆಚ್ಚು, ಪೆಟ್ಟು ತಿಂದ ಹೃದಯಕ್ಕೆ ಇನ್ನೊಂದು ಹೊರೆ ಏಕೆ ಎಂದಿದ್ದರು. ಹಲ್ಲಿನ ಡಾಕ್ಟರು ವಸಡು ಶುಚಿ ಮಾಡಿ, ಮೆತ್ತನೆಯ ಬ್ರಷ್ಷು ಕೊಟ್ಟು, ಒಂದು ದಿನವೂ ತಪ್ಪಿಸಬೇಡಿ ಎಂದರು.

ಆದರೆ ಮಾವನ ಶಾಸ್ತ್ರದಲ್ಲಿ ಏಕಾದಶಿ, ಅಮಾವಾಸ್ಯೆ, ಶ್ರಾದ್ಧದ ದಿನ ಹಲ್ಲುಜ್ಜುವುದು ನಿಷಿದ್ಧ. ಹನ್ನೆರಡು ಸಲ ಬಾಯಿ ಮುಕ್ಕಳಿಸಿದರೆ ಸಾಕು. ಉಳಿದ ದಿನ ಉಜ್ಜಿದರೆ ರಕ್ತ, ರಕ್ತ ಬಂದರೆ ಮೈಲಿಗೆ. ಹಾಗಾಗಿ ಬೆರಳಿಗೆ ಹಲ್ಲುಪುಡಿ ಹಚ್ಚಿ ಮುಟ್ಟಿಯೂ ಮುಟ್ಟದಂತೆ ಸವರುತ್ತಿದ್ದರು. ಉಜ್ಜದಿರುವುದರಿಂದಲೇ ರಕ್ತ ಬರುತ್ತದೆಂದು ವಾದಿಸಿದೆ, ಬೇಡಿದೆ, ಬ್ರಷ್ಷು ಹಿಡಿದು ದೇವರ ಕೋಣೆಯ ಬಾಗಿಲವರೆಗೂ ಹೋಗಿ ಅತ್ತೆಯಿಂದ ಬೈಸಿಕೊಂಡೆ.

"ಮಾವ, ಶಾಸ್ತ್ರ ಬರೆದೋರಿಗೆ ಎದೆನೋವು ಬಂದಿರಲಿಲ್ಲ," ಎಂದೆ ಒಮ್ಮೆ, ತಡೆಯಲಾರದೆ.

"ಬಂದಿದ್ರೂ ಅವರ ಸೊಸೆಯಂದಿರು ಇಷ್ಟು ಮಾತಾಡ್ತಿರಲಿಲ್ಲಮ್ಮ."

ಆ ಏಕಾದಶಿಯ ಬೆಳಿಗ್ಗೆಯೂ ಅಷ್ಟೇ. ಉಪವಾಸದ ದಿನ ಹಲ್ಲುಜ್ಜಬಹುದೇ ಎಂದು ಕೇಳಲು ಪಕ್ಕದ ಬೀದಿಯ ಬದರಿನಾಥ ಬಂದಿದ್ದ. ಮಾವ ನನಗೂ ಕೇಳುವಂತೆ ಹೇಳಿದರು: "ಒಂದಿನ ಉಜ್ಜದಿದ್ರೆ ಹಲ್ಲೇನು ಓಡಿಹೋಗಲ್ಲ ಕಣಯ್ಯ. ಡಾಕ್ಟರ ಮಾತು ಕೇಳಿ ನಾನೇನು ನೇಮ ಬಿಟ್ಟಿದೀನಾ?" ನಾನು ಒಳಗೆ ಪಾತ್ರೆ ಕುಕ್ಕಿದೆ.

ರಾತ್ರಿ ಆ ಸದ್ದು ಕೇಳಿದೊಡನೆ ಎದ್ದು ಓಡಿದೆ. ಬಚ್ಚಲ ಬಾಗಿಲು ಓರೆಯಾಗಿತ್ತು. ಮಾವ ಗೋಡೆಯ ಕನ್ನಡಿಗೆ ಬಾಗಿ ನಿಂತಿದ್ದರು. ಬಾಯ್ತುಂಬ ನೊರೆ. ಹಲ್ಲಿನ ಡಾಕ್ಟರು ಕಲಿಸಿದಂತೆಯೇ ಬ್ರಷ್ಷು ವಸಡಿನ ಅಂಚಿನಲ್ಲಿ ನಿಧಾನವಾಗಿ ಸುತ್ತುತ್ತಿತ್ತು. ಶೌಚಕ್ಕೆ ಹೋಗುವಾಗ ಮಾಡುವಂತೆ ಜನಿವಾರವನ್ನು ಕಿವಿಗೆ ಸುತ್ತಿಕೊಂಡಿದ್ದರು.

ನಾನು ಹಿಂದೆ ಸರಿದು ಕತ್ತಲಲ್ಲಿ ನಿಂತೆ. ಅವರು ಬಾಯಿ ತೊಳೆದು, ದೀಪ ಆರಿಸಿ, ಕಳ್ಳನ ಹೆಜ್ಜೆ ಇಡುತ್ತ ಹೋಗಿ ಮಲಗಿದರು.

"ಏನೇ ಅದು ಸದ್ದು?" ಎಂದರು ಅತ್ತೆ ಒಳಗಿನಿಂದ.

"ಹಲ್ಲಿ, ಅತ್ತೆ."

ಉಪವಾಸ ಬಿಡುವ ದ್ವಾದಶಿಯ ಪಾರಣೆಗೆ ಅತ್ತೆ ಬೆಳಕು ಹರಿಯುವ ಮೊದಲೇ ಏಳುತ್ತಾರೆ, ಬಚ್ಚಲಿಗೆ ಮೊದಲು ಹೋಗುವವರು ಅವರೇ. ಅವರ ಬಾಯಿಂದ ಮಾತು ಹೊರಬಿದ್ದರೆ ಬದರಿನಾಥನವರೆಗೂ ಹೋಗುತ್ತದೆ. ನಾಚಿಕೆಪಟ್ಟರೆ ಮಾವ ಆ ಬ್ರಷ್ಷನ್ನು ಮತ್ತೆಂದೂ ಮುಟ್ಟುವುದಿಲ್ಲ. ಇಷ್ಟು ದಿನದ ಜಗಳದಲ್ಲಿ ಗೆದ್ದವಳು ನಾನು. ಆದರೂ ಇದನ್ನು ಯಾರಿಗೂ, ನನ್ನ ಗಂಡನಿಗೂ ಹೇಳಬಾರದೆಂದು ಅಲ್ಲೇ ನಿಶ್ಚಯಿಸಿದೆ. ಬಚ್ಚಲಿಗೆ ಹೋಗಿ, ಲೋಟದಲ್ಲಿದ್ದ ಮಾವನ ಒದ್ದೆ ಬ್ರಷ್ಷನ್ನು ತೆಗೆದು, ಎಳೆಗಳಲ್ಲಿ ಒಂದು ಹನಿಯೂ ಉಳಿಯದಂತೆ ಸೆರಗಿನಿಂದ ಒರೆಸಿ, ಮೊದಲಿದ್ದ ಹಾಗೇ ನಿಲ್ಲಿಸಿದೆ.